ಮೊದಲ ಹಿಡಿ

ಎಷ್ಟು ಉಜ್ಜಿದರೂ ಅಂಗೈಯ ಕೆಂಪು ಹೋಗಲಿಲ್ಲ. ಅಜ್ಜಂಪುರದ ಡೀಸೆಲ್ ಬಂಕಿನ ನಲ್ಲಿ ಕೆಳಗೆ ನಿಂತಿದ್ದೆ. ಪಕ್ಕದ ಔಷಧಿ ಅಂಗಡಿಯ ಚಿಕ್ಕಬೀರಪ್ಪ ಇಣುಕಿದ.

"ಏನಪ್ಪಾ, ಮದರಂಗಿ ಹಚ್ಕಂಡ್ ಬಂದಿದ್ದೀಯ? ಮದ್ವೆಯೇನೋ?"

"ಬಿತ್ತನೆ ಕಡಲೆ ಕಣಣ್ಣ. ಶಿವನಿ ಊರಿನ ಮುದ್ದಪ್ಪನ ಹೊಲ ಕೂಲಿಗೆ ಬಿತ್ತಿ ಮುಗಿಸ್ದೆ."

ಅವನ ನಗು ನಿಂತಿತು. "ಲೇ, ಆ ಕೈಲಿ ಬೀಡಿ ಮುಟ್ಬೇಡ. ಬೀಜಕ್ಕೆ ಬಳಿದಿರೋದು ವಿಷ ಕಣೋ."

ಇದನ್ನೇ ನಾನು ಊರೂರಿಗೆ ಈ ಬೀಜ ಹಂಚುವ ಪ್ರಾಜೆಕ್ಟ್ ಸಾಹೇಬನನ್ನು ಕೇಳಿದ್ದೆ. ಸಮುದಾಯ ಭವನದಲ್ಲಿ ಪರದೆ ಕಟ್ಟಿಸಿ, "ಬೀಜಕ್ಕೆ ಒಂದು ರೂಪಾಯಿ ಹಾಕಿದರೆ ದೇಶಕ್ಕೆ ಒಂಬತ್ತು ವಾಪಸ್. ಚಿನ್ನದಲ್ಲೂ ಇಷ್ಟು ಹುಟ್ಟಲ್ಲ" ಎಂದಿದ್ದ. ಜನ ಚಪ್ಪಾಳೆ ತಟ್ಟಿದರು. "ಸಾರ್, ಈ ಕೆಂಪು ಏನು?" ಎಂದೆ. "ಚೀಲದ ಮೇಲಿದೆ, ಓದ್ಕೊಳ್ಳಿ." ಚೀಲದ ಮೇಲಿದ್ದದ್ದು ಇಂಗ್ಲಿಷು. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಪರದೆಗೆ ದುಡ್ಡಿತ್ತು, ಜೀಪಿಗೆ ದುಡ್ಡಿತ್ತು, ಕನ್ನಡದಲ್ಲಿ ಒಂದು ಸಾಲು ಅಚ್ಚು ಹಾಕಿಸಲು ಇವರಪ್ಪನ ಗಂಟು ಹೋಗುತ್ತಿತ್ತೇ? ಅದೇ ಜೀಪು ಅವೇ ಚೀಲ ಹೊತ್ತು, ಕಡೂರಿನಾಚೆ ನನ್ನ ತಂಗಿ ಪ್ರಿಯಾಂಕಾಳನ್ನು ಕೊಟ್ಟ ಹಳ್ಳಿಗೂ ಹೋಗಿತ್ತು.

ನಲ್ಲಿ ಕೆಳಗೆ ನಿಂತಿರುವಾಗಲೇ ನೆನಪಾಯಿತು. ಗುಗ್ಗರಿ!

ಬಿತ್ತಿ ಉಳಿದ ಬೀಜವನ್ನು ನಮ್ಮಲ್ಲಿ ಮತ್ತೆ ಕಣಜಕ್ಕೆ ಸುರಿಯುವುದಿಲ್ಲ. ಅವತ್ತೇ ಗುಗ್ಗರಿ ಬೇಯಿಸಿ ಬೀದಿಗೆಲ್ಲ ಹಂಚಬೇಕು. ಬಿತ್ತಿದವನು ಮೊದಲ ಹಿಡಿ ಬಾಯಿಗೆ ಹಾಕುವವರೆಗೆ ಯಾರೂ ಮುಟ್ಟುವಂತಿಲ್ಲ.

ಮುದ್ದಪ್ಪನ ಹೆಂಡತಿ ಅಂಬಮ್ಮನಿಗೆ ಫೋನ್ ಮಾಡಿದೆ.

"ಎಲ್ಲಿ ಸತ್ತಿದ್ದೀಯೋ? ಗುಗ್ಗರಿ ಆರ್ತಾ ಐತೆ. ಬಣ್ಣ ಎಲ್ಲಾ ತೊಳ್ದಿದ್ದೀನಿ, ಬಂಗಾರದಂಗೈತೆ ಬಾ."

"ಅಂಬಕ್ಕ, ಮುಟ್ಬೇಡಿ! ವಿಷ ಅದು!"

"ತಡಿಯೋ, ರೈಲು ಬತ್ತೈತೆ, ಏನೂ ಕೇಳ್ತಿಲ್ಲ." ಫೋನ್ ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಚಿಕ್ಕಬೀರಪ್ಪನ ಬೈಕು ಕಿತ್ತುಕೊಂಡು ಶಿವನಿಗೆ ಹಾರಿಸಿದೆ.

ಬೀದಿಯವರೆಲ್ಲ ಮುತ್ತುಗದ ಎಲೆ ಹಿಡಿದು ಜಗಲಿ ಮೇಲೆ ಕುಳಿತಿದ್ದರು. ಒಗ್ಗರಣೆ ಘಮ ತಿರುವಿನಲ್ಲೇ ಮೂಗಿಗೆ ಬಡಿಯಿತು.

"ಬಂದ್ನಪ್ಪಾ ಸಾವ್ಕಾರ!" ಎಂದ ಮುದ್ದಪ್ಪ. "ಬಾಯಿಗ್ ಹಾಕ್ಕೊಳೋ ಬೇಗ, ಹಸ್ದು ಸಾಯ್ತಿದ್ದೀವಿ."

ಪಾತ್ರೆಯನ್ನು ಕಾಲಲ್ಲಿ ಒದ್ದೆ. ಕಡಲೆ ಅಂಗಳದ ತುಂಬ ಚೆಲ್ಲಿತು.

"ಬಿತ್ತಿದ ದಿನ ಅನ್ನ ಒದ್ದೆಯಲ್ಲೋ, ಹಾಳಾಗೋನೇ!" ಅಂಬಮ್ಮ ಕಿರುಚಿದಳು. ಮುದ್ದಪ್ಪ ನನ್ನ ಕಾಲರ್ ಹಿಡಿದು ಕೈ ಎತ್ತಿದ.

"ಹೊಡಿ. ಅದಕ್ಮುಂಚೆ ಹೇಳು, ಆ ಕೆಂಪು ವಿಷ ತೊಳ್ದ ನೀರು ಎಲ್ಲಿಗ್ ಸುರುದ್ರಿ?"

ಅಂಬಮ್ಮನ ದನಿ ಇಳಿಯಿತು. "ಎಮ್ಮೆ... ಕಲಗಚ್ಚಿಗೆ."

ಎಲ್ಲರೂ ಕೊಟ್ಟಿಗೆಯತ್ತ ತಿರುಗಿದರು. ಎಮ್ಮೆ ಕತ್ತು ಚಾಚಿ ನಿಂತಿತ್ತು, ಬಾಯಿಂದ ನೊರೆ ಇಳಿಯುತ್ತಿತ್ತು. ನೋಡನೋಡುತ್ತಲೇ ಮುಂಗಾಲು ಮಡಚಿತು. ಮುದ್ದಪ್ಪನ ಕೈ ಮೆಲ್ಲಗೆ ಕೆಳಗಿಳಿಯಿತು.

ನಾನು ತಂಗಿಯ ನಂಬರ್ ಒತ್ತಿದೆ. ಅವಳ ಗಂಡ ರವಿಕುಮಾರನೂ ಇವತ್ತೇ ಬಿತ್ತಿದ್ದಾನೆ. ತನ್ನ ಹೊಲಕ್ಕೆ ತಾನೇ ಕೂರಿಗೆ ಹಿಡಿಯುವವನು ಅವನು. ಮೊದಲ ಹಿಡಿಗೆ ಆ ಮನೆಯಲ್ಲಿ ಹೊರಗಿನ ಯಾರನ್ನೂ ಕಾಯಬೇಕಾಗಿಲ್ಲ.

ಫೋನು ಹೊಡೆದುಕೊಳ್ಳುತ್ತಲೇ ಇದೆ.