ಲಾಂಡ್ರಿ ದೊಡ್ಡಮ್ಮನ ಸರಕು

ಸರ್ಕಾರ ಮದ್ಯ ನಿಷೇಧಿಸಿದ ಮೇಲೆ ನಮ್ಮ ದೊಡ್ಡಮ್ಮನ ಲಾಂಡ್ರಿಗೆ ಇದ್ದಕ್ಕಿದ್ದಂತೆ ಗಿರಾಕಿಗಳು ಹೆಚ್ಚಿದರು. ಇದ್ದ ಒಂದೇ ಒಳ್ಳೆಯ ಅಂಗಿಯನ್ನು ಮತ್ತೆ ಮತ್ತೆ ಒಗೆಸುವವರನ್ನು ಕಂಡು ಪೊಲೀಸರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅಂಗಿ ನಿಜಕ್ಕೂ ಹಾಲಿನಂತೆ ಬೆಳ್ಳಗಾಗಿ, ಗರಿಗರಿ ಇಸ್ತ್ರಿಯಾಗಿ ಮನೆ ಸೇರುತ್ತಿತ್ತು. ಅಂಗಿಯ ಮಡಿಕೆಯೊಳಗೆ ಬಾಟಲಿ ಬೆಚ್ಚಗೆ ಮಲಗಿರುತ್ತಿತ್ತು.

ಬಟ್ಟೆ ಕುದಿಸುವ ಹಂಡೆಗಳ ಸಾಲಿನಲ್ಲೇ ಒಂದರಲ್ಲಿ ಹುಳಿ ಬರಿಸಿದ ಸಕ್ಕರೆ ನೀರು ಕಾಯುತ್ತಿತ್ತು. ಸೋಪಿನ ಘಾಟಿನಲ್ಲಿ ಅದರ ವಾಸನೆ ಯಾವ ಮೂಗಿಗೂ ಸಿಗದು. ಮೊದಲು ಇಳಿದ ಸಾರಾಯಿಯಲ್ಲಿ ವಿಷವಿರುತ್ತದೆಂದು ಅದನ್ನು ಅವಳು ಚರಂಡಿಗೆ ಸುರಿಯುತ್ತಿದ್ದಳು, ಯಾರು ಕಾಲು ಹಿಡಿದರೂ ಕೊಡುತ್ತಿರಲಿಲ್ಲ. ಉಳಿದದ್ದನ್ನು ತಾನೇ ಒಂದು ಗುಟುಕು ಕುಡಿದು ನೋಡದೆ ಬಾಟಲಿಗೆ ತುಂಬುತ್ತಿರಲಿಲ್ಲ. ಬೇರೆಯವರ ಸರಕು ಕುಡಿದು ಕಣ್ಣು ಕಳೆದುಕೊಂಡವರಿದ್ದರು. ದೊಡ್ಡಮ್ಮನ ಸರಕು ಕುಡಿದವರು ಹೆಚ್ಚೆಂದರೆ ಹಾಡು ಹೇಳಿ ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿದ್ದರು. ಕಳ್ಳ ಕಸುಬಿನಲ್ಲೂ ಅಷ್ಟು ನಿಯತ್ತು! ನನಗೆ ಇಂದಿಗೂ ಹೆಮ್ಮೆ.

ಅಪ್ಪನಿಗೆ ಮರದ ಬೀರು, ಮೇಜುಗಳಿಗೆ ಪಾಲಿಶ್ ಹಾಕುವ ಕೆಲಸ. ನನ್ನನ್ನು ಹೆತ್ತು ಅಮ್ಮ ತೀರಿಕೊಂಡ ಮೇಲೆ ನನ್ನನ್ನೆತ್ತಿಕೊಂಡು ಅತ್ತಿಗೆಯ ಮನೆ ಸೇರಿದ್ದ. ಒಂದು ದಿನ ಸರಕು ಸಾಲದೆ ಬಾಟಲಿಯೊಂದು ಅರ್ಧಕ್ಕೇ ನಿಂತಿತ್ತು. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡು ಅವನು ಅದಕ್ಕೆ ಪಾಲಿಶ್ ಸ್ಪಿರಿಟ್ ಬೆರೆಸಿ, ಬಟ್ಟೆ ಗಂಟಿನಲ್ಲಿಟ್ಟು ಕಳಿಸಿಬಿಟ್ಟ. ಊಟಕ್ಕೆ ಕೂತಾಗ ಅದನ್ನೇ ಜಂಬದಿಂದ ಹೇಳಿದ. ದೊಡ್ಡಮ್ಮ ಕೈ ಸಹ ತೊಳೆಯದೆ ಎದ್ದು ಗಿರಾಕಿಯ ಮನೆಗೆ ಓಡಿದಳು, ಹಿಂದೆ ಅಪ್ಪ.

ಗಿರಾಕಿ ಬಾಗಿಲಲ್ಲೇ ಸಿಡುಕುತ್ತಿದ್ದ. "ನನ್ನ ಬಟ್ಟೆ ಎಲ್ಲಮ್ಮಾ? ಇದ್ಯಾರ್ದೋ ಖಾಕಿ ಪ್ಯಾಂಟು ಕಳ್ಸಿದೀಯ!"

ಗಂಟು ಅದಲುಬದಲಾಗಿತ್ತು. ಬಾಟಲಿ ಹೋಗಿ ಹೋಗಿ ಇನ್‌ಸ್ಪೆಕ್ಟರ ಮನೆ ಸೇರಿತ್ತು.

ಅಪ್ಪ ದಾರಿಗೆ ಅಡ್ಡ ನಿಂತ. "ಅತ್ತಿಗೆ, ಕೈ ಮುಗೀತೀನಿ. ಅಲ್ಲಿಗೆ ಹೋದ್ರೆ ನಮ್ಮ ಕಥೆ ಮುಗೀತು."

"ಹೋಗ್ದಿದ್ರೆ ಆ ಮನುಷ್ಯನ ಕಥೆ ಮುಗಿಯುತ್ತೆ. ಸರಿ ಆ ಕಡೆ."

ಕುಡಿಯಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ಇನ್‌ಸ್ಪೆಕ್ಟರು ಬಾಗಿಲು ಮುಂದೆ ಮಾಡಿಕೊಂಡು ಲೋಟವನ್ನು ತುಟಿಗೆ ತರುತ್ತಿದ್ದರು. ದೊಡ್ಡಮ್ಮ ಒಳನುಗ್ಗಿ ಲೋಟಕ್ಕೆ ಬೀಸಿ ಹೊಡೆದಳು.

"ಕುಡೀಬೇಡಿ ಸಾಹೇಬ್ರೇ, ಅದು ವಿಷ!"

"ನಿಂಗೆ ಹೇಗೆ ಗೊತ್ತು?"

"ನನ್ನದೇ ಸರಕು."

ಜೀವ ಉಳಿಸಿಕೊಂಡ ಇನ್‌ಸ್ಪೆಕ್ಟರು ಮಾನವನ್ನೂ ಉಳಿಸಿಕೊಳ್ಳಲು ಅವಳ ಮೇಲೆ ಕೇಸು ಹಾಕಿದರು.

ಸಾರಾಯಿ ಕಾಯಿಸಿದ್ದನ್ನು ಕೋರ್ಟಿನಲ್ಲಿ ಅವಳು ತಲೆಯೆತ್ತಿ ಒಪ್ಪಿಕೊಂಡಳು. ಸ್ಪಿರಿಟ್ ಬೆರೆಸಿದ್ದು ಯಾರು ಎಂದಾಗ ಮಾತ್ರ ತಡವರಿಸಿದಳು. ಅಪ್ಪನ ಕಡೆ ಬೆರಳು ತೋರಿಸಿದ್ದರೆ ಅವಳ ಹೆಸರು ಉಳಿಯುತ್ತಿತ್ತು. ಆ ಹೆಸರನ್ನು ನಂಬಿ ಕುಡಿದವರೆಲ್ಲ ಅಲ್ಲೇ ಕೂತು ಕಿವಿಗೊಟ್ಟಿದ್ದರು.

"ನಾನೇ," ಎಂದಳು.

ಹಿಂದಿನಿಂದ ಯಾರೋ ಥೂ ಎಂದರು. ಅಪ್ಪನಿಗೆ ತಡೆಯಲಾಗಲಿಲ್ಲ. ತೊಡೆಯ ಮೇಲೆ ಮಲಗಿದ್ದ ನನ್ನನ್ನು ಎದೆಗವಚಿಕೊಂಡು, ನಿಜ ಹೇಳಲು ಏಳಹೊರಟ.

ದೊಡ್ಡಮ್ಮ ಅಲ್ಲಿಂದಲೇ ಗದರಿದಳು: "ಸುಮ್ನೆ ಕೂತ್ಕೊ. ಮಗು ಎದ್ದುಬಿಡುತ್ತೆ."