ಕಾಟಯ್ಯ ತೇಯ್ದು ಕುಡಿದ ಬೇರು

ಮುಂದಿನ ಸೀಟಿನ ಹೆಂಗಸು ಕೆಮ್ಮಿದಳು, ಒಣಕೆಮ್ಮು, ಧೂಳಿನದೇ ಇರಬೇಕು, ಯಲ್ಲದಕೆರೆಯಿಂದ ಹಿರಿಯೂರಿನ ತನಕ ಈ ಬಸ್ಸು ಧೂಳನ್ನೇ ಕುಡಿಸುತ್ತದೆ, ಆದರೂ ಹೇಮಾವತಿ ಮೂಗಿಗೆ ಸೆರಗು ಒತ್ತಿಕೊಂಡಳು — ಹದಿನೆಂಟು ವರ್ಷ ದುರ್ಗದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ ಪ್ರೊಫೆಸರ್, ಅವಳಿಗೆ ಎದ್ದೋಗು ಅಂದಳಲ್ಲ ಇವತ್ತು ಆ ಸಿದ್ದಕ್ಕ, ತನ್ನ ಮನೆ ಬಾಗಿಲಲ್ಲಿ, ಏಕವಚನದಲ್ಲಿ, ಬೀದಿಯವರೆಲ್ಲ ನೋಡುತ್ತಿರುವಾಗ, ಹೋದ ವರ್ಷ ಇದೇ ಸಿದ್ದಕ್ಕ ಬರ್ರಿ ಮೇಡಮ್ಮ, ಕುಂತ್ಕಳ್ರಿ ಎಂದು ಚಾಪೆ ಹಾಸಿದ್ದಳು, ತನ್ನ ತಮ್ಮ ಕಾಟಯ್ಯನನ್ನು ಜೊತೆಗೆ ಗುಡ್ಡಕ್ಕೆ ಕಳಿಸಿ ಬೇರು ಅಗೆಸಿಕೊಟ್ಟಿದ್ದಳು. ತೊಂಬತ್ತಾರರಿಂದ ಆರು ವರ್ಷ ಹೇಮಾವತಿ ಅದೇ ಬೇರಿನ ಹಿಂದೆ ಸವೆದಿದ್ದಾಳೆ, ಬೂಷ್ಟು ಹತ್ತಿದಾಗ ಮಾತ್ರ ಗಿಡ ತನ್ನನ್ನು ಉಳಿಸಿಕೊಳ್ಳಲು ಬೇರಿನಲ್ಲಿ ಒಂದು ಕಹಿ ರಸವನ್ನು ತಯಾರಿಸುತ್ತದೆ, ಯಾವ ಕಿಣ್ವದಿಂದ, ಯಾವ ಯಾವ ಹಂತದಲ್ಲಿ, ಎಲ್ಲ ಗೊತ್ತಾಗಿದೆ, ಕೊನೆಯ ಹಂತವೊಂದೇ ಬಾಕಿ, ಇನ್ನೊಂದು ಮೂಟೆ ಸಿಕ್ಕಿದ್ದರೆ ಈ ಬೇಸಿಗೆಗೆ ಮುಗಿಯುತ್ತಿತ್ತು, ಕ್ಷಯಕ್ಕೆ ಹೊಸ ಮದ್ದು, ಲಕ್ಷಾಂತರ ಜನ ಬದುಕುತ್ತಾರೆ, ಆ ಬಾಯಿಬಡುಕಿಗೆ ಅದೆಲ್ಲ ಎಲ್ಲಿಂದ ಅರ್ಥವಾಗಬೇಕು. ನಮ್ ಕಾಟಯ್ಯನ್ನ ಮಣ್ಣು ಮಾಡಿ ಮೂರು ತಿಂಗ್ಳಾತು, ಈಗ ಬಂದಿದೀಯ, ಅದೂ ಬೇರಿಗೆ. ಗೊತ್ತಿರಲಿಲ್ಲ ಸಿದ್ದಕ್ಕ, ದೇವರಾಣೆ ಗೊತ್ತಿರಲಿಲ್ಲ. ಅವನಿಗೆ ಕ್ಷಯ ಐತೆ ಅಂತ ಗೊತ್ತಿತ್ತಲ್ಲ, ಈ ಬೇರು ಕ್ಷಯದ ಹುಳನ ಸಾಯಿಸ್ತೈತೆ ಅಂತ ನೀನೇ ಅಂದ್ಯಲ್ಲ. ಅಂದದ್ದು ಹೌದು, ಆದರೆ ಗಾಜಿನ ನಳಿಕೆಯಲ್ಲಿ ಸಾಯುತ್ತವೆ ಅಂದಿದ್ದಳು, ಮನುಷ್ಯನ ಮೈಯಲ್ಲಿ ಅಲ್ಲ — ಅಂದಿದ್ದಳೇ? ಅಂದಿರಲೇಬೇಕು, ಪ್ರತಿ ಭಾಷಣದಲ್ಲೂ ಅನ್ನುತ್ತಾಳೆ — ಆದರೆ ಅವತ್ತು ಸುಡುಬಿಸಿಲು, ಕಾಟಯ್ಯ ಏದುಸಿರು ಬಿಡುತ್ತ ಗುದ್ದಲಿ ಕೆಳಗಿಟ್ಟು, ಹೌದೇನ್ರಿ ಮೇಡಮ್ಮ, ನಿಜವಾಗ್ಲೂ ಸಾಯ್ತಾವಾ ಎಂದು ಕೇಳಿದ, ಮೂಟೆ ಇನ್ನೂ ಅರ್ಧವೂ ತುಂಬಿರಲಿಲ್ಲ, ಸಾಯ್ತಾವಪ್ಪ, ಅಗಿ ಎಂದಳು, ಅಷ್ಟೇ, ನಳಿಕೆಯ ಮಾತು ಬಾಯಿಗೆ ಬರಲೇ ಇಲ್ಲ, ಯಾಕೆ ಬರಬೇಕು, ಅವನೇನು ವಿದ್ಯಾರ್ಥಿಯೇ, ಆಸ್ಪತ್ರೆಯವರು ಹೇಳಬೇಕಿತ್ತು, ಅಕ್ಕ ನೋಡಿಕೊಳ್ಳಬೇಕಿತ್ತು, ಎಲ್ಲರ ಪಾಪ ಇವಳ ತಲೆಗೇ ಏಕೆ. ದಿನಾ ತೇಯ್ಕೊಂಡು ಕುಡಿದ, ಆಸ್ಪತ್ರೆ ಗುಳಿಗೆ ಮುಟ್ಲಿಲ್ಲ, ನೋಡು, ಕಣ್ಣಾರೆ ನೋಡು ಎಂದು ಸಿದ್ದಕ್ಕ ಗೂಡಿನಿಂದ ತೆಗೆದು ಮಡಿಲಿಗೆ ಎಸೆದದ್ದು — ಹಿರಿಯೂರು, ಇಳೀರಿ ಇಳೀರಿ, ಕಂಡಕ್ಟರ್ ಬಾಗಿಲು ಬಡಿಯುತ್ತಿದ್ದಾನೆ, ದುರ್ಗದ ಬಸ್ಸು ಹಿಡಿಯಬೇಕು, ಬಸ್ಸು ಹತ್ತಿದಾಗಿನಿಂದ ಕಣ್ಣಿಗೆ ಕಟ್ಟಿರುವುದು ಅದೊಂದೇ — ಗುಳಿಗೆಯ ಪಟ್ಟಿಗಳು, ಮಡಿಲ ತುಂಬ, ಕೆಂಪು ಗುಳಿಗೆಗಳು, ಒಂದೂ ಒಡೆದಿಲ್ಲ, ಒಂದೂ —