ಅಂಗೈ ಮೇಲಿನ ತೊಟ್ಟು

ಬೀದಿಯ ಕೊನೆ ಕಾಣುತ್ತಿಲ್ಲ, ಇಷ್ಟು ಮಂಜು ಈ ವರ್ಷ ಬಿದ್ದೇ ಇರಲಿಲ್ಲ, ದೀಪದ ಕಂಬಗಳಿಗೆ ಸೊಂಟದಿಂದ ಮೇಲೆ ಏನೂ ಇಲ್ಲ, ಸೈಕಲ್ಲೊಂದು ಬರೀ ಗಂಟೆಯ ಸದ್ದಾಗಿ ಬಂದು ಗಂಟೆಯ ಸದ್ದಾಗಿಯೇ ಹೊರಟುಹೋಯಿತು, ಮೂಗಿನ ತುದಿ ತಣ್ಣಗೆ, ಶಾಲಿನ ಅಂಚು ಒದ್ದೆ — ಇದು ಚಹಾದ ಬೆಳಗು, ಬೇರೆ ಯಾವುದಕ್ಕೂ ಆಗಿಬರುವ ಬೆಳಗಲ್ಲ, ಜನ ಎರಡೂ ಕೈಯಲ್ಲಿ ಬಿಸಿ ಲೋಟ ಹಿಡಿದು ಸುಮ್ಮನೆ ಕೂರಲಿ ಅಂತಲೇ ದೇವರು ಇಂಥ ಮಂಜು ಕಳಿಸುತ್ತಾನೆ, ಎಂದುಕೊಂಡಳು, ಎಂದುಕೊಂಡದ್ದೇ ತಪ್ಪೆನಿಸಿ ಶಾಲನ್ನು ಬಾಯಿಯ ಮೇಲಕ್ಕೆ ಎಳೆದುಕೊಂಡಳು. ಮೂಲೆಯ ಅಂಗಡಿ ಬರುತ್ತಿದೆ, ಕಣ್ಣಿಗಿಂತ ಮೊದಲು ಮೂಗಿಗೆ ಬಂತು, ಪುಡಿ ಈಗಷ್ಟೇ ನೀರಿಗೆ ಬಿದ್ದಿದೆ, ಹಾಲು ಇನ್ನೂ ಬಿದ್ದಿಲ್ಲ, ಆ ಒಗರು ವಾಸನೆ, ಹೊಸ ಚರ್ಮದ ಚೀಲ ತೆರೆದ ಹಾಗೆ — ನಡಿ, ನಿಲ್ಲಬೇಡ, ನಡಿ. ಏನಮ್ಮಾ, ನಮ್ಮ ಮೇಲೆ ಕೋಪಾನಾ, ನೀವು ಬರದೆ ಸ್ಟವ್ವೂ ಸಪ್ಪಗಾಗಿದೆ ನೋಡಿ, ಎಂದ ಅಂಗಡಿಯವನು ಹಬೆಯ ಹಿಂದಿನಿಂದ. ಅಸಿಡಿಟಿ ಕಣಪ್ಪಾ. ನಿಮಗೆ ಅಸಿಡಿಟಿ ಅಂದ್ರೆ ಮೀನಿಗೆ ನೆಗಡಿ ಅಂದಂಗಾಯ್ತು, ನಮ್ಮಕ್ಕನ್ನ ಕುಯ್ದರೆ ರಕ್ತ ಬರಲ್ಲ ಟೀ ಬರುತ್ತೆ ಅಂತಿದ್ರು ನಿಮ್ಮ ತಮ್ಮ, ಹೇಗಿದಾರೆ ಈಗ? ಇವತ್ತು ಗೊತ್ತಾಗುತ್ತಪ್ಪಾ, ಎಂದಳು, ಇವತ್ತು, ಎಂದು ಮತ್ತೊಮ್ಮೆ ತನಗೇ ಹೇಳಿಕೊಂಡಳು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು.

ಇವತ್ತು ನುಂಗಿಸುವ ಮೇಡಂ ಬರುತ್ತಾಳೆ. ಆಸ್ಪತ್ರೆಯವರು ಆ ಹುಡುಗಿಯ ಕೆಲಸಕ್ಕೆ ಏನೋ ಉದ್ದದ ಹೆಸರು ಹೇಳಿದ್ದರು, ಮನೆಯವರ ಬಾಯಲ್ಲಿ ಅವಳು ನುಂಗಿಸುವ ಮೇಡಂ ಆದಳು, ತಮ್ಮನ ಗಂಟಲಿನ ಮೇಲೆ ಎರಡು ಬೆರಳಿಟ್ಟು, ಒಂದು ಚಮಚ ಬಾಯಿಗೆ ಕೊಟ್ಟು, ಅದು ಇಳಿಯುತ್ತದೋ ಶ್ವಾಸಕ್ಕೆ ಹೋಗುತ್ತದೋ ಎಂದು ಕಿವಿಗೊಟ್ಟು ಕೂರುವ ಕೆಲಸ, ಹೋದ ಸಲ ಬರೀ ನೀರಿಗೇ ಅವನು ಕೆಮ್ಮಿ ಕೆಮ್ಮಿ ನೀಲಿಯಾಗಿದ್ದ. ಇನ್ನೊಂದು ಸಲ ನೋಡೋಣ, ಅದೂ ಆಗ್ಲಿಲ್ಲ ಅಂದ್ರೆ ಮೂಗಿನ ನಳಿಗೆ ಎಷ್ಟು ದಿನ ಅಂತ ಇಡೋಕಾಗುತ್ತೆ, ಹೊಟ್ಟೆಗೇ ತೂತು ಮಾಡಿಸಬೇಕಾಗುತ್ತೆ, ಅವರಿಗೆ ಜೀವ ಅನ್ನೋ ಅಷ್ಟು ಇಷ್ಟವಾದದ್ದು ಏನಾದ್ರೂ ಇದ್ರೆ ಮಾಡಿಡಿ, ಕೆಲವು ಸಲ ಗಂಟಲಿಗೆ ನೆನಪಾಗುತ್ತೆ, ಎಂದಿದ್ದಳು ಮೇಡಂ. ಗಂಟಲಿಗೂ ನೆನಪಿರುತ್ತದೆಯೆ — ಇಡೀ ಪ್ರಾಯವನ್ನು ಬಸ್ ನಿಲ್ದಾಣದ ಮೈಕಿನ ಮುಂದೆ ಕಳೆದ ಗಂಟಲು ಅದು, ಪ್ರಯಾಣಿಕರು ದಯವಿಟ್ಟು ಗಮನಿಸಿ ಎಂದು ದಿನವಿಡೀ ಕೂಗಿ ಕೂಗಿ ಬೀದಿಯ ಮಕ್ಕಳಿಗೆಲ್ಲ ಅವನು ದಯವಿಟ್ಟು ಮಾಮನೇ ಆಗಿಹೋಗಿದ್ದ, ಮನೆಯಲ್ಲೂ ಅದೇ ಚಾಳಿ, ಅಡುಗೆಮನೆ ಬಾಗಿಲಲ್ಲಿ ನಿಂತು ಮೂಗಿನಿಂದ ರಾಗ ಎಳೆದು, ದಯವಿಟ್ಟು ಗಮನಿಸಿ, ಅಕ್ಕನ ಟೀ ಇನ್ನು ಕೆಲವೇ ನಿಮಿಷಗಳಲ್ಲಿ ಒಲೆಯಿಂದ ಹೊರಡಲಿದೆ, ತಮ್ಮನು ಅಕ್ಕನಿಗೆ ಕೊಡಬೇಕಾದ ಅರ್ಧ ಕಪ್ ಅನಿರ್ದಿಷ್ಟ ಕಾಲ ತಡವಾಗಿ ಬರುತ್ತಿದೆ, ಅಡಚಣೆಗೆ ವಿಷಾದಿಸುತ್ತೇವೆ. ಒಂದು ಮಧ್ಯಾಹ್ನ ಅದೇ ಮೈಕಿನಲ್ಲಿ ದಯವಿಟ್ಟು ಎಂದವನು ಗಮನಿಸಿ ಎನ್ನಲಿಲ್ಲ. ನಿಲ್ದಾಣದ ತುಂಬ ಜನ ಚೀಲ ಹಿಡಿದುಕೊಂಡು ತಲೆಯೆತ್ತಿ ಕಾಯುತ್ತಾ ನಿಂತಿದ್ದರಂತೆ.

ಆ ಅರ್ಧ ಕಪ್. ಅವಳ ಲಂಗದ ಕಾಲದ್ದು, ಅವನಿಗೆ ಬಿದ್ದ ಮುಂದಿನ ಹಲ್ಲು ಇನ್ನೂ ಬಂದಿರಲಿಲ್ಲ, ಅಮ್ಮ ಇಬ್ಬರಿಗೂ ಸೇರಿ ಒಂದೇ ಕಪ್ ಕೊಡುತ್ತಿದ್ದಳು, ಕಪ್ಪಿನಲ್ಲಿ ಉಳಿದದ್ದು ಅವನದು, ಸಾಸರಿಗೆ ಬಗ್ಗಿಸಿದ್ದು ಅಕ್ಕನದು, ಸಾಸರಿನೊಳಗೆ ಸುತ್ತಲೂ ಒಂದು ನೀಲಿ ಗೆರೆ, ಆ ಗೆರೆಯವರೆಗೆ ಬಂದರೆ ಸರಿಸಮ ಎಂದು ಅಮ್ಮನ ತೀರ್ಪು, ಅವನು ನಾಲಿಗೆ ಕಚ್ಚಿಕೊಂಡು ಬಗ್ಗಿಸುತ್ತಿದ್ದ, ಗೆರೆ ಮುಟ್ಟಿಸಿ ತಲೆಯೆತ್ತುತ್ತಿದ್ದ. ಒಂದು ದಿನ ಪಕ್ಕದ ಮನೆಯಿಂದ ಬೆಂಕಿಪೊಟ್ಟಣ ತಗೊಂಬಾ ಎಂದಳು ಅಮ್ಮ, ಓಡಿ ಹೋಗಿ ಓಡಿ ಬಂದರೆ ಸಾಸರ್ ಖಾಲಿ, ನಡುವೆ ಒಂದು ಕಂದು ಉಂಗುರ, ಒದ್ದೆ, ಹೊಳೆಯುತ್ತಾ. ಆರಿ ಹೋಗ್ತಿತ್ತಕ್ಕಾ, ಆರಿದ್ರೆ ನಿಂಗೆ ಇಷ್ಟ ಆಗಲ್ಲ ಅಂತ ಕುಡಿದೆ, ನಾಳೆ ಕೊಡ್ತೀನಿ, ದೇವ್ರಾಣೆ. ಆ ನಾಳೆ ಬರಲಿಲ್ಲ, ಬರದೆ ಇದ್ದದ್ದೇ ಅವರಿಬ್ಬರ ಆಸ್ತಿಯಾಯಿತು, ಅವಳ ಮದುವೆಯ ದಿನ ಕಿವಿಯಲ್ಲಿ, ಬಾಕಿ ಇದೆ ಅಂತ ನೆನಪಿಟ್ಕೋ, ಅವಳ ಗಂಡ ತೀರಿಕೊಂಡ ದಿನ — ಯಾರೋ ಕೈಗಿಟ್ಟ ಚಹಾ, ಅಳುತ್ತಲೇ ಒಂದು ಗುಟುಕು ಇಳಿಸಿದಾಗ ಸಕ್ಕರೆ ಕಡಿಮೆ ಎನಿಸಿ ನಾಚಿಕೆಯಿಂದ ಸತ್ತುಹೋಗುವಂತಾಗಿತ್ತು, ಅವನು ಮುಖ ನೋಡಿಯೇ ತಿಳಿದುಕೊಂಡು, ಯಾರಿಗೂ ಕಾಣದ ಹಾಗೆ ಸೆರಗಿನ ಮರೆಯಲ್ಲಿ ಒಂದು ಚಮಚ ಹಾಕಿ ಕದಡಿ ಹೋಗಿದ್ದ.

ಅಂಥವನಿಗೆ ಲಕ್ವ ಹೊಡೆದು ಗಾಲಿ ಮಂಚದ ಮೇಲೆ ಒಳಗೆ ಒಯ್ದಾಗ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು, ಕೈಯಲ್ಲಿ ಮಿಶಿನ್ ಚಹಾದ ಕಾಗದದ ಲೋಟ, ಇನ್ನೂ ತುಟಿಗೆ ತಾಕಿಸಿರಲಿಲ್ಲ, ದೇವರೇ ಎಂದಳು, ಕೊಡಲು ತನ್ನ ಹತ್ತಿರ ಏನಿದೆ, ಒಡವೆಯೆ, ಮನೆಯೆ, ಟೈಲರ್ ಅಂಗಡಿಯಲ್ಲಿ ಅಂಗಿಗೆ ಕಾಜಾ ಹೊಲಿಯುವವಳ ಹತ್ತಿರ, ಬೆರಳಲ್ಲಿ ಸೂಜಿಯ ಗುರುತುಗಳು, ಅಷ್ಟೇ — ಮತ್ತೆ ಇದು, ಅಂಗೈಯಲ್ಲಿ ಬೆಚ್ಚಗಿದ್ದ ಇದು. ಊರು ಏಳುವ ಮೊದಲಿನ ಮೊದಲ ಗುಟುಕು, ತುಟಿ ಸುಡುವ, ಕಣ್ಣಿನ ಹಿಂದೆ ಯಾರೋ ಕಿಟಕಿ ತೆಗೆದಂತಾಗುವ ಗುಟುಕು, ನಾಲ್ಕು ಗಂಟೆಯ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಾಗ ಉಸ್ಸೆನ್ನುವ ಸದ್ದು, ಸಾಸರಿನಿಂದ ಸುರ್ರನೆ ಎಳೆದುಕೊಳ್ಳುವ ಸುಖ, ಅದನ್ನು ದೊಡ್ಡವರ ಮುಂದೆ ಮಾಡಬಾರದು, ತಮ್ಮನ ಮುಂದೆ ಮಾಡಬಹುದು, ಕೊನೆಯಲ್ಲಿ ತಳದ ಸಕ್ಕರೆ — ಅವಳ ಐಶ್ವರ್ಯವೆಂದರೆ ಇಷ್ಟೇ, ಅಷ್ಟನ್ನೂ ತೆಗೆದುಕೋ ಎಂದಳು. ಅವನು ತನ್ನ ಬಾಯಿಂದ ಚಹಾ ಇಳಿಸುವವರೆಗೂ ನನ್ನ ನಾಲಿಗೆಗೂ ಬೇಡ. ಕಾಗದದ ಲೋಟವನ್ನು ಬೆಂಚಿನ ಕೆಳಗೆ ಇಟ್ಟಳು, ಯಾರಿಗೂ ಹೇಳಲಿಲ್ಲ, ಹೇಳಿದರೆ ಹರಕೆ ಹಗುರವಾಗುತ್ತದೆ. ಆಮೇಲೆ ತಲೆನೋವು, ಸೂಜಿಗೆ ದಾರ ಪೋಣಿಸಲಾಗದ ಮಂಕು, ಅಕ್ಕಾ, ಈ ಕಾಜಾದಲ್ಲಿ ಗುಂಡಿ ಅಲ್ಲ, ಕಿತ್ತಳೆಹಣ್ಣು ತೂರುತ್ತೆ ಎಂದು ಮಾಸ್ಟರು ಅಂಗಿ ಎತ್ತಿ ಹಿಡಿದಾಗ ಇಡೀ ಅಂಗಡಿ ನಕ್ಕಿತ್ತು, ಅವಳೂ ನಕ್ಕಿದ್ದಳು, ಆದರೂ ಮುಟ್ಟಿರಲಿಲ್ಲ, ಒಂದು ತೊಟ್ಟೂ.

ಬಂದ್ರಾ ಅತ್ತಿಗೆ, ಎಂದು ತಮ್ಮನ ಹೆಂಡತಿ ಬಾಗಿಲು ತೆಗೆದಳು, ಕಣ್ಣು ಊದಿದೆ, ಬೆಳಗ್ಗೆಯಿಂದ ಕಪಾಟು ತೋರಿಸ್ತಾನೇ ಇದಾರೆ ಅತ್ತಿಗೆ, ಪಂಚೆ ಕೊಟ್ರೂ ಬೇಡ, ಕನ್ನಡಕ ಕೊಟ್ರೂ ಬೇಡ, ಕೊನೆಗೆ ಮೇಲಿನ ಅರೆಯಿಂದ ಈ ಹಳೇ ಸಾಸರ್ ತೆಗೆದೆ ನೋಡಿ, ಸುಮ್ಮನಾದ್ರು, ಇದನ್ನ ಏನು ಮಾಡ್ತಾರೋ. ಕಪ್ ಒಡೆದು ಎಷ್ಟೋ ಕಾಲವಾಯಿತು, ಸಾಸರ್ ಮಾತ್ರ ಉಳಿದುಕೊಂಡಿದೆ, ನೀಲಿ ಗೆರೆ ಅಲ್ಲಲ್ಲಿ ಸವೆದಿದೆ, ಮಂಚದ ಪಕ್ಕದ ಸ್ಟೂಲಿನ ಮೇಲೆ ಖಾಲಿ ಬಾಯಿ ತೆರೆದು ಕೂತಿದೆ, ಅವಳಿಗೆ ಅದರ ನಡುವಿನ ಕಂದು ಉಂಗುರ ಕಂಡ ಹಾಗಾಯಿತು, ಇಲ್ಲ, ತೊಳೆದ ಸಾಸರ್ ಅದು, ಉಂಗುರವಿಲ್ಲ. ತಮ್ಮ ದಿಂಬಿಗೊರಗಿದ್ದಾನೆ, ಮೂಗಿನಲ್ಲಿ ನಳಿಗೆ, ಬಾಯಿಯ ಒಂದು ಬದಿ ಇಳಿದಿದೆ, ಎಡಗೈ ಮಾತ್ರ ಹೊದಿಕೆಯ ಮೇಲೆ ಓಡಾಡುತ್ತಿದೆ, ಪುಟ್ಟಾ, ಟೀ ಮಾಡ್ತೀನಿ ಕಣೋ, ಎಂದಳು, ಕಣ್ಣು ಮಿಟುಕಿಸಿದ. ಅಡುಗೆಮನೆ, ಕೈಗಳು ತಾವಾಗಿಯೇ ನಡೆದವು, ನೀರಿಗೆ ಮೊದಲು ಸಕ್ಕರೆ, ಕುದಿ ಬಂದಾಗ ಉರಿ ಆರಿಸಿ ಪುಡಿ, ಮೇಲೊಂದು ತಟ್ಟೆ ಮುಚ್ಚಿ, ಹಾಲು ಬೇರೆ ಕಾಯಿಸಿ, ಮೇಲಿನಿಂದ ಸಣ್ಣಗೆ, ಬಣ್ಣ ಹೊಸ ಮಡಕೆಯಷ್ಟಾಗುವವರೆಗೆ, ಆಯಿತು, ಸೌಟಿನ ತುದಿಯಿಂದ ಅಂಗೈಗೆ ಒಂದು ತೊಟ್ಟು — ಅತ್ತಿಗೆ, ಸಕ್ಕರೆ ಸರಿ ಇದೆಯಾ? — ಸರಿಯಿದೆ ಕಣೇ, ಎಂದಳು. ಎಂದವಳು ನಿಂತಲ್ಲೇ ಕಲ್ಲಾದಳು. ಸರಿಯಿದೆ ಎಂದು ಹೇಗೆ ಗೊತ್ತಾಯಿತು?

ಅಂಗೈಯ ನಡುವೆ ಒದ್ದೆ, ಕಂದು, ಸಣ್ಣ ಉಂಗುರ. ನೆಕ್ಕಿದ್ದಳು. ಬುದ್ಧಿ ಬಲಿತಾಗಿನಿಂದ ಒಮ್ಮೆಯೂ ಹಾಗೆ ರುಚಿ ನೋಡದೆ ಒಲೆಯಿಂದ ಚಹಾ ಇಳಿಸಿದವಳಲ್ಲ, ಕೈ ಅವಳನ್ನು ಕೇಳಲಿಲ್ಲ, ನಾಲಿಗೆ ಕೈಯನ್ನು ಕೇಳಲಿಲ್ಲ, ಅಯ್ಯೋ, ಇಷ್ಟು ದಿನ ತಡೆದು ಇವತ್ತು, ಈಗ, ಬಾಗಿಲಲ್ಲಿ ಮೇಡಂ ಚಪ್ಪಲಿ ಬಿಡುವ ಸದ್ದಾಗುತ್ತಿರುವಾಗ — ನಲ್ಲಿ ತಿರುಗಿಸಿ ಬಾಯಿ ಮುಕ್ಕಳಿಸಿದಳು, ಉಗುಳಿದಳು, ಮತ್ತೆ ಮುಕ್ಕಳಿಸಿದಳು, ಆದರೆ ಇಳಿದುಹೋಗಿದೆ, ಎಷ್ಟು ಸಲೀಸಾಗಿ ಇಳಿಯಿತು, ಅವನಿಗೆ ಬೆಟ್ಟವಾಗಿರುವುದು ಅವಳಿಗೆ ಗೊತ್ತೇ ಆಗದ ಹಾಗೆ ಇಳಿಯಿತು, ಅದಕ್ಕಿಂತ ಘೋರ, ಎಷ್ಟು ರುಚಿಯಾಗಿತ್ತು, ದೇವರೇ, ನಾಲಿಗೆಯ ಬೇರಿನವರೆಗೆ ಹೂ ಅರಳಿದ ಹಾಗೆ, ಕಣ್ಣು ತೇವವಾಗುವಷ್ಟು, ಎದೆ ಹೆದರಿ ನಡುಗುತ್ತಿದ್ದರೂ ಬಾಯಿ ಇನ್ನೂ ಸಂತೋಷದಲ್ಲೇ ಇದೆ, ನಾಚಿಕೆಗೆಟ್ಟ ಬಾಯಿ. ಚೆಲ್ಲಿಬಿಡಲೆ, ಬೇರೆ ಮಾಡಲೆ, ಹಾಲು ಮುಗಿದಿದೆ. ಹೇಳಿಬಿಡಲೆ ತಮ್ಮನ ಹೆಂಡತಿಗೆ, ಇವತ್ತು ಬೇಡ ಮೇಡಂ, ನಾಳೆ ಬನ್ನಿ ಎನ್ನಲೆ, ಕಾರಣ ಏನೆನ್ನಲಿ, ನನ್ನ ಅಂಗೈ ಎನ್ನಲೆ? ಏನತ್ತಿಗೆ, ಯಾಕೆ ಹಾಗೆ ನಿಂತ್ರಿ, ಮೇಡಂ ಬಂದ್ರು, ತನ್ನಿ, ಕೊಡಿ ಇಲ್ಲಿ. ಕೊಟ್ಟಳು.

ಮೇಡಂ ಮೋಟು ಜಡೆಯ ಹುಡುಗಿ, ಕೈ ಉಜ್ಜಿಕೊಂಡು ಬೆಚ್ಚಗೆ ಮಾಡಿಕೊಂಡು ಎರಡು ಬೆರಳನ್ನು ತಮ್ಮನ ಗಂಟಲಿನ ಗುಬುಟಿನ ಮೇಲಿಟ್ಟಳು, ಇದು ನಿಮ್ಮಕ್ಕ ಮಾಡಿದ ಟೀ ಅಂತೆ ಮಾಮ, ವಾಸನೆ ನೋಡಿ ಮೊದಲು, ಹಾಂ, ಗದ್ದ ಕೆಳಗೆ, ಈಗ. ಚಮಚ ಹೋಯಿತು. ತುಟಿ ಮುಚ್ಚಿತು. ಗುಬುಟು ಅಲ್ಲೇ ಇದೆ, ಏಳುತ್ತಿಲ್ಲ — ಒಂದು ತೊಟ್ಟು ದೇವರೇ, ನೀನು ಸಮುದ್ರ ಅಳೆಯುವವನು, ಒಂದು ತೊಟ್ಟನ್ನು ಅಳೆಯಬೇಡ, ಅಳೆಯುವುದೇ ಆದರೆ ನನ್ನ ಗಂಟಲಲ್ಲಿ ಅಳೆ, ಅವನದರಲ್ಲಿ ಬೇಡ — ಕೆಮ್ಮಿದ. ಕೆಮ್ಮಿದ, ಮುಖ ಕೆಂಪಾಯಿತು, ತಮ್ಮನ ಹೆಂಡತಿ ಅವಳ ರಟ್ಟೆ ಹಿಡಿದುಕೊಂಡಳು, ಉಗುರು ನಾಟುವಷ್ಟು, ಅವಳು ಅಂಗೈಯನ್ನು ಸೀರೆಗೆ ಉಜ್ಜಿದಳು, ಉಜ್ಜಿದಳು, ಉಂಗುರ ಹೋಗಿದೆ, ಅಂಟು ಹೋಗಿಲ್ಲ. ಕೆಮ್ಮೋದು ಒಳ್ಳೇದೇ ಅಮ್ಮಾ, ಗಂಟಲು ಎಚ್ಚರ ಆಗ್ತಿದೆ, ಹೆದರಬೇಡಿ, ಎಂದಳು ಹುಡುಗಿ, ಅವಳ ಹಣೆಯ ಮೇಲೂ ಬೆವರು. ಮತ್ತೊಂದು ಚಮಚ. ಮಂಜಿನೊಳಗೆ ಎಲ್ಲೋ ಸೈಕಲ್ ಗಂಟೆ. ಗುಬುಟು ಅಲುಗಿತು, ಒಮ್ಮೆ ತಡವರಿಸಿತು, ಮೇಲೆ ಹೋಯಿತು, ಇಳಿಯಿತು. ಕೆಮ್ಮಿಲ್ಲ. ಈಗ ಆ ಅನ್ನಿ ಮಾಮ, ಶ್ವಾಸಕ್ಕೆ ಹೋಗಿದ್ರೆ ಧ್ವನಿ ಒದ್ದೆ ಇರುತ್ತೆ, ನೋಡೋಣ. ಆ, ಎಂದ, ಒಣಗಿದ, ಒರಟಾದ, ಇಡೀ ನಿಲ್ದಾಣಕ್ಕೆ ಕೇಳುವಂಥ ಆ. ಇನ್ನೊಂದು ಚಮಚ, ಮತ್ತೊಂದು, ಇಳಿಯಿತು, ಇಳಿಯಿತು, ನೋಡಿದ್ರಾ, ಜಾಣ ಗಂಟಲು, ಹೊಟ್ಟೆಗೆ ತೂತು ಗೀತು ಏನೂ ಬೇಡ, ನಾನು ಡಾಕ್ಟರಿಗೆ ಹೇಳ್ತೀನಿ, ಉಳಿದಿದ್ದನ್ನ ಅವರೇ ಹಿಡ್ಕೊಂಡು ನಿಧಾನವಾಗಿ ಕುಡೀಲಿ, ನಾನು ಇಲ್ಲೇ ಕೂತಿರ್ತೀನಿ.

ತಮ್ಮನ ಹೆಂಡತಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಾಳೆ, ಹುಡುಗಿ ಚಮಚ ಒರೆಸುತ್ತಿದ್ದಾಳೆ, ಅವಳು ಮಾತ್ರ ನಿಂತೇ ಇದ್ದಾಳೆ, ಹಾಗಾದರೆ ಆ ತೊಟ್ಟು, ಅದು ಯಾರ ಲೆಕ್ಕಕ್ಕೆ ಹೋಯಿತು, ಕಂಡೂ ಕಾಣದ ಹಾಗೆ ಇದ್ದುಬಿಟ್ಟನೆ ದೇವರು, ಸೆರಗಿನ ಮರೆಯಲ್ಲಿ ಸಕ್ಕರೆ ಹಾಕಿ ಕದಡಿ ಹೋದ ಹಾಗೆ — ತಮ್ಮನ ಎಡಗೈ ಕಪ್ ಹಿಡಿದಿದೆ, ಬಾಯಿಯತ್ತ ಹೋಗುತ್ತಿಲ್ಲ, ಸ್ಟೂಲಿನತ್ತ ಹೋಗುತ್ತಿದೆ, ಅಯ್ಯೋ ಚೆಲ್ತೀರಿ ಮಾಮ ಎಂದಳು ಹುಡುಗಿ, ಅವನು ಕೇಳಲಿಲ್ಲ, ನಾಲಿಗೆ ಕಚ್ಚಿಕೊಂಡಿದ್ದಾನೆ, ಇಳಿದ ತುಟಿಯ ಸಂದಿಯಲ್ಲಿ ನಾಲಿಗೆಯ ತುದಿ ಕಾಣುತ್ತಿದೆ, ಕಪ್ ಓರೆಯಾಯಿತು, ಸಾಸರಿಗೆ ಬಗ್ಗಿಸಿದ, ಸ್ವಲ್ಪ ಸ್ಟೂಲಿನ ಮೇಲೆ, ಸ್ವಲ್ಪ ಹೊದಿಕೆಯ ಮೇಲೆ, ಉಳಿದದ್ದು ಸಾಸರಿನಲ್ಲಿ, ಏರಿತು, ಏರಿತು, ನಿಲ್ಲಿಸಿದ, ತಲೆಯೆತ್ತಿದ. ಘೋಷಣೆಯಿಲ್ಲ, ವಿಷಾದವಿಲ್ಲ. ಬೆರಳ ಬೆನ್ನಿನಿಂದ ಸಾಸರನ್ನು ಅಕ್ಕನ ಕಡೆಗೆ ಮೆಲ್ಲಗೆ ತಳ್ಳಿದ. ಹಬೆ ಏಳುತ್ತಿದೆ. ಕುಡಿ ಎಂದು ಅವಳು ತನಗೇ ಹೇಳಿಕೊಳ್ಳುತ್ತಾಳೆ, ಆರಿ ಹೋಗುತ್ತದೆ, ಕುಡಿ, ಕೈ ಮಾತ್ರ ಏಳುತ್ತಿಲ್ಲ, ಸಾಸರಿನೊಳಗೆ ಕಂದು ಉಂಗುರ, ಖಾಲಿಯದಲ್ಲ, ತುಂಬಿದ್ದು, ನಡುಗುತ್ತಾ, ಸವೆದ ನೀಲಿ ಗೆರೆಯನ್ನು ಸರಿಯಾಗಿ ಮುಟ್ಟಿ, ನಡುಗುತ್ತಾ